ಪೇಟೆಗೆ ನಡೆದು ಬನ್ನಿ

ಬೆಂಗಳೂರಿನ ಬಂಧುಗಳೇ,

ರಜೆ ಬಂತೆಂದರೆ ಮಕ್ಕಳನ್ನು ಹಂಪಿಗೆ, ಬಾದಾಮಿಗೆ, ಹಳೇಬೀಡಿಗೆ ಕರೆದೊಯ್ಯುತ್ತೇವೆ. ನಮ್ಮ ಊರು ಹುಟ್ಟಿದ ಜಾಗವನ್ನು ಅವರಿಗೆ ತೋರಿಸಿದ್ದೇವೆಯೇ? ಮದುವೆ ಜವಳಿಗೆಂದು ಚಿಕ್ಕಪೇಟೆಗೆ ಹೋಗುತ್ತೇವೆ, ಗಂಟು ಕಟ್ಟಿಸಿಕೊಂಡು ಇಕ್ಕಟ್ಟನ್ನು ಬಯ್ಯುತ್ತಾ ವಾಪಸಾಗುತ್ತೇವೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಈ ಹಳೆಯ ಪೇಟೆಯೇ. ಈಗ ಅವೆನ್ಯೂ ರಸ್ತೆ ಎನ್ನುವ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವಲ್ಲಿ ನಿಂತು, ಎತ್ತು ಹೂಡಿಸಿ ನಾಲ್ಕು ದಿಕ್ಕಿಗೆ ನೇಗಿಲ ಗೆರೆ ಎಳೆಸಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಕೂಡುರಸ್ತೆಯಲ್ಲಿ ಇವತ್ತಿಗೂ ಜನ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಾರೆ.

ನನ್ನ ಕೋರಿಕೆ ಇಷ್ಟು: ಪೇಟೆಗೆ ಬನ್ನಿ, ನಡೆದು ಬನ್ನಿ, ಅದೂ ಕೆಲಸದ ದಿನವೇ ಬನ್ನಿ. ಭಾನುವಾರ ಬಹುಪಾಲು ಬಾಗಿಲು ಮುಚ್ಚಿರುತ್ತವೆ. ಆಗ ಕಾಣುವುದು ಬರೀ ಗೋಡೆ. ಕೋಟೆಯ ಉಳಿದ ಭಾಗ, ಟಿಪ್ಪುವಿನ ತೇಗದ ಕಂಬಗಳ ಅರಮನೆ, ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಇವನ್ನೆಲ್ಲ ಖಂಡಿತ ನೋಡಿ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೇನೆ ನುಗ್ಗಿದ್ದು ಈ ಕೋಟೆಗೇ. ಆದರೆ ಪೇಟೆಯ ಜೀವ ಇರುವುದು ಕಸುಬಿನಲ್ಲಿ. ಕಬ್ಬನ್‌ಪೇಟೆಯ ಓಣಿಗೆ ಕಾಲಿಟ್ಟರೆ ಮನೆಯೊಳಗಿಂದ ಮಗ್ಗದ ಸದ್ದು ಕೇಳುತ್ತದೆ. ಬಳೆಪೇಟೆಯಲ್ಲಿ ವೀಣೆ, ಹಾರ್ಮೋನಿಯಂ, ಮೃದಂಗ ಸಿಗುತ್ತವೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿ ಎಷ್ಟು ಬಡ ವಿದ್ಯಾರ್ಥಿಗಳನ್ನು ಓದಿಸಿದೆಯೋ! ಅಂಗಡಿ ಬೋರ್ಡಿನಿಂದ ಕಣ್ಣು ಮೇಲೆತ್ತಿ. ಕೆತ್ತನೆಯ ಮರದ ಕಂಬ, ಹೆಂಚಿನ ಸೂರು, ಗಾರೆಯಲ್ಲಿ ಮೂಡಿಸಿದ ಹೂಬಳ್ಳಿ ಇನ್ನೂ ಅಲ್ಲಲ್ಲಿ ಉಳಿದಿವೆ.

ಚೈತ್ರದ ಹುಣ್ಣಿಮೆಯ ರಾತ್ರಿ ಬರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ, ಬೀದಿ ಬೀದಿ ಸುತ್ತಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ನೆರೆಹೊರೆಯವರು ಒಬ್ಬರ ಹಬ್ಬಕ್ಕೆ ಒಬ್ಬರು ಬಾಗಿಲು ತೆರೆಯುವುದನ್ನು ಮಕ್ಕಳು ಪಾಠದಲ್ಲಿ ಓದುವುದಕ್ಕಿಂತ ಅಲ್ಲಿ ನಿಂತು ನೋಡಲಿ.

ಕಾರು ಮಾತ್ರ ತರಬೇಡಿ. ಎತ್ತಿನಗಾಡಿಯ ಕಾಲದ ಅಗಲದ ಬೀದಿಗಳು ಅವು. 2017ರಿಂದ ಚಿಕ್ಕಪೇಟೆಯಲ್ಲೇ ಮೆಟ್ರೊ ನಿಲ್ಲುತ್ತದೆ. ಮೂಟೆ ಹೊತ್ತ ಹಮಾಲರಿಗೆ, ಕೈಗಾಡಿ ಎಳೆಯುವವರಿಗೆ ಮೊದಲು ದಾರಿ ಬಿಡಿ. ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಅವರು ದುಡಿಯುತ್ತಿದ್ದಾರೆ, ನಿಮ್ಮ ಚಿತ್ರಕ್ಕೆ ನಿಂತವರಲ್ಲ. ಎರಡು ಗಂಟೆ ಸುತ್ತಿ ಬರಿಗೈಲಿ ಹೋಗಬೇಡಿ. ಒಂದು ಹಿತ್ತಾಳೆ ದೀಪವೋ, ಒಂದು ನೋಟ್‌ಬುಕ್ಕೋ ಕೊಂಡುಕೊಳ್ಳಿ. ಗಿರಾಕಿ ಬಂದರೆ ಅಂಗಡಿ ಉಳಿಯುತ್ತದೆ, ಅಂಗಡಿ ಉಳಿದರೆ ಅದರ ಮೇಲಿನ ಮಹಡಿಯೂ ನಿಂತೀತು.

ಪೇಟೆಯಲ್ಲಿ ಹಳೆ ಮನೆ ಇರುವವರಿಗೆ ಕೈಮುಗಿದು ಬೇರೆಯೇ ಮಾತು ಹೇಳಬೇಕಿದೆ. ಅಣ್ಣತಮ್ಮಂದಿರ ಪಾಲು, ಸೋರುವ ಸೂರು, ಕೈಗೆ ಎಟುಕದ ರಿಪೇರಿ ಖರ್ಚು: ನಿಮ್ಮ ಕಷ್ಟ ಸಣ್ಣದಲ್ಲ. ಮನೆಯನ್ನು ಉಳಿಸಿಕೊಳ್ಳಿ ಎಂದು ದೂರದಲ್ಲಿ ನಿಂತು ಉಪದೇಶ ಮಾಡುವ ಹಕ್ಕು ನಮಗಿಲ್ಲ. ಕೆಡವಲೇಬೇಕಾದರೆ ಅದಕ್ಕೆ ಮುಂಚೆ ಜಗಲಿ, ತೊಟ್ಟಿ, ಕಂಬ, ಬಾಗಿಲುವಾಡಗಳ ಚಿತ್ರ ತೆಗೆಸಿ. ಅಳತೆ ತೆಗೆದುಕೊಳ್ಳಲು ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಒಳಗೆ ಬಿಡಿ. ಉಳಿಸಿಕೊಳ್ಳುವ ಮನಸ್ಸಿದ್ದವರಿಗೆ ತೆರಿಗೆ ರಿಯಾಯಿತಿ, ರಿಪೇರಿಗೆ ಸಹಾಯಧನ ಕೊಡಿ ಎಂದು ಪಾಲಿಕೆಗೆ ಅರ್ಜಿ ಕೊಡುವ ಕೆಲಸ ಉಳಿದ ನಮ್ಮೆಲ್ಲರದು. ಪೇಟೆಯಲ್ಲಿ ಮತವಿಲ್ಲದವರೂ ಆ ಅರ್ಜಿಗೆ ಸಹಿ ಹಾಕಿ.