ಅಮ್ಮನ ಮನೆಗೆ ಆಕಾಶದ ಇಂಟರ್ನೆಟ್ ಬೇಕಾ?

ಮಣಿಪಾಲದ ಫ್ಲಾಟಿನಲ್ಲಿರುವ ನಮಗೆ ನೆಟ್ ಇಲ್ಲದ ಕಷ್ಟ ಗೊತ್ತಾಗುವುದು ಕಾರ್ಕಳದಾಚೆಯ ತವರಿಗೆ ಫೋನ್ ಮಾಡಿದಾಗ. ಎರಡು ಮಾತಾಡುವಷ್ಟರಲ್ಲಿ ಅಮ್ಮನ ಮುಖ ಸ್ಕ್ರೀನಿನಲ್ಲಿ ನಿಂತುಬಿಡುತ್ತದೆ. 'ಉಪಗ್ರಹದ ಇಂಟರ್ನೆಟ್ ಹಾಕಿಸೋಣ' ಎಂದು ನಿಮ್ಮ ಮನೆಯವರೂ ಹೇಳುತ್ತಿರಬಹುದು.

ಆತುರ ಬೇಡ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಕೇಂದ್ರದ ಲೈಸೆನ್ಸ್ ಸಿಕ್ಕಿತು. ಡಿಸೆಂಬರ್‌ನಲ್ಲಿ ಅದರ ವೆಬ್‌ಸೈಟಿನಲ್ಲಿ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ಎಂಬ ದರ ಕಾಣಿಸಿತು. ಅದು ತಪ್ಪಾಗಿ ಬಂದದ್ದೆಂದು ಕಂಪೆನಿಯೇ ಹೇಳಿತು. ಆ ಲೆಕ್ಕ ಹಿಡಿದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ದುಡ್ಡಿಗಿಂತ ದೊಡ್ಡ ತಕರಾರು ಮರಗಳದ್ದು. ಟಿವಿ ಡಿಶ್‌ಗೆ ಒಂದು ದಿಕ್ಕು ತೆರೆದಿದ್ದರೆ ಸಾಕು, ಅದರ ಉಪಗ್ರಹ 36 ಸಾವಿರ ಕಿ.ಮೀ. ಎತ್ತರದಲ್ಲಿ ನಿಂತಲ್ಲೇ ನಿಂತಂತಿರುತ್ತದೆ. ಇವು ಸುಮಾರು 500 ಕಿ.ಮೀ. ಎತ್ತರದಲ್ಲಿ ಓಡುತ್ತಲೇ ಇರುತ್ತವೆ, ಹಾಗಾಗಿ ಅಗಲವಾದ ಬರಿ ಆಕಾಶ ಬೇಕು. ಮರ ಅಡ್ಡ ಬಂದರೆ ಕರೆ ಕಡಿಯುತ್ತದೆ ಎನ್ನುವುದೇ ಹೊರದೇಶಗಳಲ್ಲಿ ಹಾಕಿಸಿಕೊಂಡವರ ದೂರು. ಕಾಪುವಿನ ಕಡಲ ಬದಿಯ ತೆರೆದ ಅಂಗಳಕ್ಕೆ ಸರಿ, ಅಡಿಕೆ ತೋಟದ ನಡುವಿನ ಮನೆಗೆ? ತಾನೇ ನೆಟ್ಟ ತೆಂಗಿನಮರ ಕಡಿಯಲು ಅಮ್ಮ ಒಪ್ಪುವುದುಂಟಾ! ಇನ್ನು ಆಟಿ ಮಳೆ. ಸೀರಿಯಲ್ ಮಧ್ಯೆ ಡಿಶ್ ಕೈಕೊಟ್ಟದ್ದು ನೆನಪಿದೆಯಲ್ಲ? ಜೋರು ಮಳೆಗೆ ಇದೂ ಹಾಗೆಯೇ. ಕರೆಂಟು ಹೋದರೆ ಇನ್ವರ್ಟರ್ ಬೇರೆ ಬೇಕು.

ಮೊದಲು ಪಂಚಾಯತಿವರೆಗೆ ಬಂದ ಭಾರತ್‌ನೆಟ್ ಕೇಬಲನ್ನು ಮನೆಗೂ ಎಳೆಯಬಹುದೇ ವಿಚಾರಿಸಿ. ಸಾಧ್ಯವೇ ಇಲ್ಲ ಎಂದರೆ ಆಮೇಲೆ ತವರಿನ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ, ಎಷ್ಟು ಆಕಾಶ ಕಾಣುತ್ತದೆ ಅಂತ.