ತೊಳೆದು ಬಂದ ಊಟದ ಡಬ್ಬಿ

ಈ ವಾರದ ಬರಹಕ್ಕೆ ಮಗಳ ಒಪ್ಪಿಗೆ ಪಡೆದೇ ಕುಳಿತಿದ್ದೇನೆ. "ನನ್ನ ಹೆಸರು ಮಾತ್ರ ಹಾಕಬೇಡ. ಮಿಕ್ಕಿದ್ದೆಲ್ಲ ಬರಿ, ನಮ್ಮ ಕ್ಲಾಸಲ್ಲೇ ನನ್ನಂಥವರು ಇನ್ನೂ ಇದ್ದಾರೆ" ಎಂದಳು. ಹಾಗಾಗಿ ಇಲ್ಲಿ ಅವಳು ಬರೀ ಪುಟ್ಟಿ.

ಪುಟ್ಟಿ ಈಗ 9ನೇ ತರಗತಿ. ಹಿಂದೆಲ್ಲ ಶಾಲೆಯಿಂದ ಬಂದ ಅವಳ ಊಟದ ಡಬ್ಬಿ ತೆಗೆದರೆ ಅರ್ಧ ಚಪಾತಿ, ಒಣಗಿದ ಪಲ್ಯ, ಒಂದಿಷ್ಟು ಕರಿಬೇವು ಇರುತ್ತಿದ್ದವು. ಈ ವರ್ಷ ಜೂನ್‌ನಿಂದ ಡಬ್ಬಿ ತೊಳೆದು, ಒರೆಸಿ, ಫಳಫಳ ಹೊಳೆಯುತ್ತ ಬರತೊಡಗಿತು. ಅಕ್ಕಪಕ್ಕದವರ ಹತ್ತಿರವೆಲ್ಲ ಹೇಳಿಕೊಂಡು ಹೆಮ್ಮೆಪಟ್ಟೆ. ಡಬ್ಬಿಯ ಊಟವೆಲ್ಲ ಪಕ್ಕದ ಬೆಂಚಿನ ಗೆಳತಿಯ ಹೊಟ್ಟೆ ಸೇರುತ್ತಿತ್ತು ಎಂಬುದು ನನಗೆ ಗೊತ್ತಾಗಿದ್ದು ಸೆಪ್ಟೆಂಬರ್‌ನಲ್ಲಿ.

ಅಷ್ಟರಲ್ಲಿ ಮನೆಯಲ್ಲಿ ಬೇರೆಯೇ ಕಥೆ ನಡೆದಿತ್ತು. ಪುಟ್ಟಿಗೆ ಮೂಗಿನ ತುದಿಯಲ್ಲೇ ಸಿಟ್ಟು. ತಮ್ಮ ಪೆನ್ಸಿಲ್ ಮುಟ್ಟಿದರೆ ಕೂಗಾಟ, ನಾನು ಮಾತನಾಡಿಸಿದರೆ ಅಳು. ಲೆಕ್ಕದ ಪುಸ್ತಕ ತೆರೆದುಕೊಂಡು ಗಂಟೆಗಟ್ಟಲೆ ಒಂದೇ ಪುಟ. ರಾತ್ರಿ ಮೊಬೈಲಿನಲ್ಲಿ ಅಡುಗೆ ವಿಡಿಯೋಗಳನ್ನು ಒಂದರ ಮೇಲೊಂದು ನೋಡುತ್ತಿದ್ದಳು. ನಾನು ಮೊದಲು ವಯಸ್ಸನ್ನು ಬೈದೆ, ಆಮೇಲೆ ಮೊಬೈಲನ್ನು ಬೈದೆ, ಕೊನೆಗೆ ಅವಳನ್ನೇ ಬೈದೆ.

ಗೌರಿ ಹಬ್ಬಕ್ಕೆ ತಿಪಟೂರಿನ ಕಡೆಯ ನಮ್ಮ ಊರಿನಿಂದ ಅಮ್ಮ ಬಂದಳು. ಹಬ್ಬದ ದಿನ ಪುಟ್ಟಿ ಓಡಾಡಿಕೊಂಡು ಎಲ್ಲರಿಗೂ ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು. "ಎಷ್ಟು ಜವಾಬ್ದಾರಿ ಬಂದಿದೆ ನೋಡಮ್ಮ" ಎಂದೆ. ಅಮ್ಮ ಮಾತಾಡಲಿಲ್ಲ. ಸಂಜೆ ನನ್ನನ್ನು ಹಿತ್ತಲಿಗೆ ಕರೆದು, "ಲೇ, ಆ ಮಗು ಎಲ್ಲರಿಗೂ ಬಡಿಸಿತು, ತಾನು ಎಲೆ ಮುಂದೆ ಕೂರಲೇ ಇಲ್ಲ. ಅದಕ್ಕೆ ಬಂದಿರೋದು ಸಿಟ್ಟಲ್ಲ ಕಣೇ, ಹಸಿವು" ಎಂದಳು.

ಆ ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಪುಟ್ಟಿ ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಏನೂ ಇಲ್ಲ. ಹಸಿವು ತಡೆಯಲಾಗದ ಸಂಜೆ ಅಂಗಡಿಯ ಕೂಲ್‌ಡ್ರಿಂಕು, ಚಿಪ್ಸು. ಆಮೇಲೆ ಅದರ ಪಶ್ಚಾತ್ತಾಪಕ್ಕೆ ರಾತ್ರಿ ಊಟವೂ ಇಲ್ಲ. ಜೊತೆಗೆ ಇನ್ನೊಂದು ಮಾತು: ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳಿಂದ ನಿಂತಿತ್ತು.

ಮರುದಿನವೇ ಡಾಕ್ಟರ ಬಳಿ ಹೋದೆವು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಬಂತು, ಕನಿಷ್ಠ 12 ಇರಬೇಕು. ನಮ್ಮ ದೇಶದಲ್ಲಿ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದನ್ನು ಓದಿದ್ದೆ. ಅದು ನನ್ನ ಮನೆಯ ಊಟದ ಮನೆಗೇ ಬಂದು ಕುಳಿತೀತು ಎಂದುಕೊಂಡಿರಲಿಲ್ಲ. ರಕ್ತ ಕಡಿಮೆಯಾದರೆ ಸುಸ್ತಿನ ಜೊತೆಗೆ ಗಮನವೂ ನಿಲ್ಲುವುದಿಲ್ಲ, ಸಿಡುಕೂ ಬರುತ್ತದೆ. ಲೆಕ್ಕದ ಪುಸ್ತಕದ ಒಂದೇ ಪುಟ ನೆನಪಾಯಿತು.

ಡಾಕ್ಟರು ಪುಟ್ಟಿಯನ್ನು ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅವಳಿಗೇ ವಿವರಿಸಿದರು. ನಮ್ಮ ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಅದರ ಮುಖ್ಯ ಆಹಾರ ರಕ್ತದಲ್ಲಿರುವ ಗ್ಲೂಕೋಸ್. ಬಿಸ್ಕತ್ತು, ಸಕ್ಕರೆ ಟೀ ಬೇಗ ಜೀರ್ಣವಾಗಿ ಗ್ಲೂಕೋಸ್ ಸರ್ರನೆ ಏರುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಅದನ್ನು ಇಳಿಸುತ್ತದೆ. ಆಮೇಲೆ ಹೊಟ್ಟೆಗೆ ಮತ್ತೇನೂ ಬೀಳದಿದ್ದರೆ, ಗ್ಲೂಕೋಸ್ ತೀರಾ ಕುಸಿಯದಂತೆ ಕಾಯಲು ಗ್ಲುಕಗಾನ್, ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಕೆಲಸಕ್ಕಿಳಿಯುತ್ತವೆ. "ನಾಯಿ ಅಟ್ಟಿಸಿಕೊಂಡು ಬಂದಾಗ ಮೈಯಲ್ಲಿ ಹರಿಯುವುದೂ ಇದೇ ಅಡ್ರಿನಲಿನ್. ಎದೆ ಡವಗುಟ್ಟುತ್ತೆ, ಕೈ ನಡುಗುತ್ತೆ, ಸಣ್ಣ ಸದ್ದಿಗೂ ರೇಗುತ್ತೆ. ಅಂಥ ಹೊತ್ತಲ್ಲಿ ತಮ್ಮ ಪೆನ್ಸಿಲ್ ಮುಟ್ಟಿದರೆ ಸಿಟ್ಟು ಬರದೆ ಇರುತ್ತಾ?" ಎಂದರು. ಪುಟ್ಟಿ ಅಂದು ಮೊದಲ ಸಲ ನಕ್ಕಳು.

ಮುಟ್ಟಿನ ವಿಷಯವನ್ನೂ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಬಾದಾಮಿ ಗಾತ್ರದ ಹೈಪೊಥಲಾಮಸ್ ಇದೆ. ಮನೆಯ ಜಮಾಖರ್ಚು ನೋಡುವ ಯಜಮಾನಿ ಇದ್ದ ಹಾಗೆ. ನಮ್ಮ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ "ಉಗ್ರಾಣದಲ್ಲಿ ಇಷ್ಟಿದೆ" ಎಂದು ಅದಕ್ಕೆ ಲೆಕ್ಕ ಒಪ್ಪಿಸುತ್ತವೆ. ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು 1994ರಲ್ಲಿ ಪತ್ತೆ ಮಾಡಿತು. ಉಗ್ರಾಣ ಬರಿದಾಗುತ್ತಿದೆ ಎಂದು ತಿಳಿದರೆ ಯಜಮಾನಿ ಏನು ಮಾಡುತ್ತಾಳೆ? ಸುಣ್ಣಬಣ್ಣ, ಹೊಸ ಬಟ್ಟೆ ಎಲ್ಲ ನಿಲ್ಲಿಸಿ ಅಕ್ಕಿಬೇಳೆಗೆ ಮಾತ್ರ ದುಡ್ಡು ತೆಗೆಯುತ್ತಾಳೆ. ಹೈಪೊಥಲಾಮಸ್ಸೂ ಅಂಡಾಶಯಕ್ಕೆ ಹೋಗುವ ಸಂದೇಶ ತಗ್ಗಿಸುತ್ತದೆ, ಮುಟ್ಟು ನಿಲ್ಲುತ್ತದೆ. ಥೈರಾಯ್ಡ್ ಹಾರ್ಮೋನಿನ ಪ್ರಭಾವ ಇಳಿದು ಚಯಾಪಚಯ, ಅಂದರೆ ಆಹಾರವನ್ನು ಶಕ್ತಿಯಾಗಿ ಉರಿಸುವ ಕೆಲಸ, ನಿಧಾನವಾಗುತ್ತದೆ. ಮೈ ತಣ್ಣಗಾಗುತ್ತದೆ. ತೂಕ ಇಳಿಸಲು ಉಪವಾಸ ಬಿದ್ದವರ ತೂಕ ಒಂದು ಹಂತದ ನಂತರ ಸುಲಭವಾಗಿ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ಮನೆಗೆ ಬಂದ ಮೇಲೆ ಈ ವಿಷಯ ಹುಡುಕಿ ಓದಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದ್ದರು. ಎರಡನೇ ಮಹಾಯುದ್ಧದಲ್ಲಿ ಹಸಿವಿನಿಂದ ಕಂಗೆಟ್ಟ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕು ಎಂದು ತಿಳಿಯುವುದು ಅದರ ಉದ್ದೇಶ. ದೇಹ, ಮನಸ್ಸು ಎರಡೂ ಗಟ್ಟಿಯಿದ್ದ 36 ಯುವಕರು ತಾವಾಗಿ ಮುಂದೆ ಬಂದಿದ್ದರು. ಸುಮಾರು ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ದೇಹದ ತೂಕದ ಕಾಲು ಭಾಗ ಇಳಿಯಿತು, ವಿಶ್ರಾಂತಿಯಲ್ಲಿದ್ದಾಗಿನ ಚಯಾಪಚಯ ಸುಮಾರು 40 ಪಾಲು ತಗ್ಗಿತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ನಗುನಗುತ್ತಿದ್ದವರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರ ಸರಿದರು. ಹಗಲಿರುಳು ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಓದುತ್ತಿದ್ದರಂತೆ.

ಅಲ್ಲಿಗೆ ಬಂದಾಗ ಓದು ನಿಲ್ಲಿಸಿದೆ. ರಾತ್ರಿಯಿಡೀ ಅಡುಗೆ ವಿಡಿಯೋ ನೋಡುತ್ತಿದ್ದ ಮಗಳ ಕೈಯಿಂದ ನಾನು ಮೊಬೈಲ್ ಕಿತ್ತುಕೊಂಡಿದ್ದೆ. ಹಸಿದ ಮಗು ಊಟವನ್ನು ಕಣ್ಣಿನಲ್ಲಾದರೂ ಉಣ್ಣುತ್ತಿತ್ತು.

ಇಷ್ಟಕ್ಕೂ ಅವಳು ಊಟ ಬಿಟ್ಟಿದ್ದೇಕೆ? ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಏಪ್ರಿಲ್‌ನಲ್ಲಿ ನನ್ನ ತಮ್ಮನ ಮದುವೆಗೆ ಬಟ್ಟೆ ತೆಗೆಯಲು ಹೋಗಿದ್ದೆವು. ಪುಟ್ಟಿ ಆಸೆಪಟ್ಟ ಲಂಗ ಸೊಂಟಕ್ಕೆ ಬಿಗಿಯಾಯಿತು. "ಇನ್ನೂ ಎರಡು ಹೋಳಿಗೆ ಜಾಸ್ತಿ ತಿನ್ನು, ಆಗ ಅಂಗಡಿಯ ಪರದೆಯನ್ನೇ ಲಂಗ ಹೊಲಿಸಬಹುದು" ಎಂದೆ. ಅಂಗಡಿಯವರೂ ನಕ್ಕರು. ನಾನು ಅದನ್ನು ಅಲ್ಲೇ ಮರೆತೆ. ಅವಳು ಮರೆಯಲಿಲ್ಲ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಈ ಅಂಕಣದಲ್ಲೇ ಎಷ್ಟೋ ಸಲ ಬರೆದಿದ್ದೇನೆ. ಎರಡನ್ನೂ ಬಲ್ಲೆ ಎಂದುಕೊಂಡಿದ್ದ ನನಗೆ ಎರಡೂ ಗೊತ್ತಿರಲಿಲ್ಲ. ಪುಟ್ಟಿಯ ಮುಂದೆ ಕುಳಿತು ತಪ್ಪಾಯಿತು ಎಂದೆ. "ಪರವಾಗಿಲ್ಲ ಬಿಡಮ್ಮ" ಎಂದು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು.

ಆಮೇಲೆ ಮನೆಯಲ್ಲಿ ಮಾಡಿದ ಬದಲಾವಣೆಗಳು ದೊಡ್ಡವೇನಲ್ಲ. ತೂಕದ ಯಂತ್ರ ಅಟ್ಟ ಸೇರಿತು. ದಪ್ಪ, ಸಣ್ಣ ಎಂಬ ಮಾತನ್ನು ಯಾರ ಬಗ್ಗೆಯೂ, ತಮಾಷೆಗೂ ಆಡುವಂತಿಲ್ಲ. ಬೆಳಿಗ್ಗೆ ಬಿಸ್ಕತ್ತಿನ ಬದಲು ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿ. ಇಲ್ಲವೇ ತರಕಾರಿ ಹಾಕಿದ ಉಪ್ಪಿಟ್ಟು, ಒಂದು ಬೇಯಿಸಿದ ಮೊಟ್ಟೆ. ನಾರು, ಪ್ರೋಟೀನು ಜೊತೆಗಿದ್ದರೆ ಗ್ಲೂಕೋಸ್ ನಿಧಾನವಾಗಿ ರಕ್ತ ಸೇರುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತಡೆಯುತ್ತದೆ. ಊಟದ ಜೊತೆ ಟೀ ಬಂದ್. ಅದರಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆರಸ; ಅದರ ಸಿ ಜೀವಸತ್ವ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಆದರೆ 9.4ನ್ನು ಮೇಲೆತ್ತಲು ಸೊಪ್ಪೊಂದೇ ಸಾಲದು, ಡಾಕ್ಟರು ಬರೆದ ಕಬ್ಬಿಣದ ಮಾತ್ರೆಯೂ ನಡೆಯುತ್ತಿದೆ. ಸಂಜೆಗೆ ಹುರಿಗಡಲೆ, ಬೆಲ್ಲ, ಮಜ್ಜಿಗೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು ಎಂಟು ಟೀ ಚಮಚ ಸಕ್ಕರೆ ಇರುತ್ತದೆ ಎಂದು ಅಳೆದು ತೋರಿಸಿದ ಮೇಲೆ ಪುಟ್ಟಿಯ ತಮ್ಮನೇ ಅದನ್ನು ಕೇಳುವುದು ಕಡಿಮೆ ಮಾಡಿದ್ದಾನೆ. ಯಾವ ತಿಂಡಿಯನ್ನೂ 'ಕೆಟ್ಟದ್ದು' ಎಂದು ಹೆಸರಿಟ್ಟು ನಿಷೇಧಿಸಿಲ್ಲ. ಹಬ್ಬದ ಹೋಳಿಗೆ ಹಬ್ಬಕ್ಕೆ ಉಂಟು.

ಈ ನಡುವೆ ನನ್ನ ನಾದಿನಿ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದಳು: ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇದೆ, ದಿನಕ್ಕೆ ಎರಡು ತಿಂದರೆ ಖಿನ್ನತೆ ಮಾಯ! ಬಾಳೆಹಣ್ಣು ಒಳ್ಳೆಯದೇ. ಆದರೆ ಹಣ್ಣಿನ ಸಿರೊಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟಲಾರದು. ನಮ್ಮ ದೇಹದ ಸಿರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲೇ ಇದ್ದು, ಅಲ್ಲಿನ ಕೆಲಸ ನೋಡಿಕೊಳ್ಳುತ್ತದೆ. ಮೆದುಳು ತನಗೆ ಬೇಕಾದ್ದನ್ನು ಹಾಲು, ಮೊಟ್ಟೆ, ಬೇಳೆಕಾಳುಗಳಲ್ಲಿರುವ ಟ್ರಿಪ್ಟೊಫ್ಯಾನ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಒಂದೇ ಹಣ್ಣು, ಒಂದೇ ಕಾಳು ಮನಸ್ಸನ್ನು ಸರಿಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ, ಬಗೆಬಗೆಯಾಗಿ, ನಾಲ್ಕು ಜನ ಕುಳಿತು ಉಣ್ಣುವ ಊಟಕ್ಕೆ ಆ ಶಕ್ತಿ ಸ್ವಲ್ಪ ಹೆಚ್ಚು.

ಓದುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳು ಊಟ ತಪ್ಪಿಸಲು ನೆಪ ಹುಡುಕುತ್ತಿದ್ದರೆ, ಎಲ್ಲರಿಗೂ ಬಡಿಸಿ ತಾವು ಉಣ್ಣದಿದ್ದರೆ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ತೂಕ ಬೇಗ ಇಳಿದಿದ್ದರೆ, ಮುಟ್ಟು ಮೂರು ತಿಂಗಳು ನಿಂತಿದ್ದರೆ ತಡ ಮಾಡದೆ ಡಾಕ್ಟರನ್ನು ಕಾಣಿ. ಚೆನ್ನಾಗಿ ಉಂಡರೂ ಎರಡು ವಾರಕ್ಕಿಂತ ಹೆಚ್ಚು ಮಂಕಾಗಿಯೇ ಇದ್ದರೆ ಅದು ಅಡುಗೆಮನೆಯಲ್ಲಿ ಬಗೆಹರಿಯುವ ವಿಷಯವಲ್ಲ. ಆಗಲೂ ವೈದ್ಯರ ಬಳಿಯೇ ಹೋಗಬೇಕು. ಸಾಯುವ ಮಾತು ಬಂದರಂತೂ ಅಂದೇ, ಆಗಲೇ. ಮಕ್ಕಳೇ, ನಿಮಗೂ ಒಂದು ಮಾತು: ಯಾರಾದರೂ ನಿಮ್ಮ ಮೈ ಬಗ್ಗೆ ಆಡಿದ ಮಾತು ನೋಯಿಸಿದರೆ ಊಟದ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಆ ಮಾತಾಡಿದವರ ಮುಂದೆಯೇ ಹೇಳಿ, ಅದು ಅಮ್ಮನಾದರೂ ಸರಿ.

ಪುಟ್ಟಿಯ ಮುಟ್ಟು ಮರಳಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಮೊನ್ನೆ ಅವಳು ಮತ್ತೆ ನನ್ನ ಮೇಲೆ ಕೂಗಾಡಿ ಬಾಗಿಲು ಧಡ್ ಎಂದು ಹಾಕಿಕೊಂಡಳು. ಸಂಕ್ರಾಂತಿಗೆ ಬಂದಿದ್ದ ಅಮ್ಮ ಅಲ್ಲೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು.

"ಊಟ ಮಾಡಿದ್ದಾಳೇನೇ?"

"ಮುದ್ದೆ, ಬಸ್ಸಾರು. ಎರಡನೇ ಸಲ ಹಾಕಿಸಿಕೊಂಡು ಉಂಡಳು."

"ಹಾಗಾದ್ರೆ ತಪ್ಪು ನಿಂದೇ ಇರಬೇಕು, ಏನು ಮಾಡಿದೆ ನೋಡು."

ನಿಜ. ಅವಳ ಬಿಳಿ ಯೂನಿಫಾರ್ಮನ್ನು ಬಣ್ಣ ಬಿಡುವ ಟವೆಲ್ ಜೊತೆ ಒಗೆಯಲು ಹಾಕಿದ್ದೆ.

ಊಟದ ಡಬ್ಬಿ ಈಗ ತೊಳೆಯದೆ ಮನೆಗೆ ಬರುತ್ತದೆ. ಮೂಲೆಯಲ್ಲಿ ಕರಿಬೇವು, ಒಂದು ಮೆಣಸಿನಕಾಯಿ ತೊಟ್ಟು, ಮುಚ್ಚಳಕ್ಕೆಲ್ಲ ಎಣ್ಣೆ. ನಾನೇ ಉಜ್ಜಿ ತೊಳೆಯುತ್ತೇನೆ, ಗೊಣಗುವುದಿಲ್ಲ.