ವಿಮಾನ ರಾತ್ರಿಗೆ, ಹಗಲು ನಮಗೆ

ಬೇಸಿಗೆ ರಜೆಯಲ್ಲಿ ಯೂರೋಪಿಗೆ ಹೋಗಿ ಬಂದವರು ಈಗ ನಮ್ಮ ಬೀದಿಯಲ್ಲೇ ಮೂರು ಮನೆಯವರಿದ್ದಾರೆ. ಅವರ ಫೋನಿನಲ್ಲಿ ಐಫೆಲ್ ಗೋಪುರ ಇರುತ್ತದೆ, ಸ್ವಿಟ್ಜರ್ಲೆಂಡಿನ ಹಿಮ ಇರುತ್ತದೆ. ಕೊನೆಯ ದಿನದ ಚಿತ್ರ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ಕೇಳಿದರೆ, “ಅಯ್ಯೋ, ಕೊನೇ ದಿನ ಏನಿರುತ್ತೆ ಸಾರ್? ಪ್ಯಾಕಿಂಗ್ ಮಾಡ್ಕೊಂಡು ಏರ್‌ಪೋರ್ಟಲ್ಲಿ ಕೂತಿದ್ವಿ” ಎನ್ನುತ್ತಾರೆ. ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಲೆಕ್ಕ ಬರೆದ ನನ್ನಂಥವನಿಗೆ ಈ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ. ಟಿಕೆಟ್ಟು, ವೀಸಾ, ಹೋಟೆಲು ಎಲ್ಲ ಸೇರಿಸಿ ಒಟ್ಟು ಖರ್ಚನ್ನು ದಿನಗಳಿಗೆ ಭಾಗಿಸಿ ನೋಡಿ. ಆ ಕೊನೆಯ ದಿನಕ್ಕೂ ಉಳಿದ ದಿನಗಳಷ್ಟೇ ದುಡ್ಡು ಕೊಟ್ಟಿರುತ್ತೀರಿ.

ಹೋದ ಮೇ ತಿಂಗಳಲ್ಲಿ ನಾವು ಆರು ಜನ ಹದಿನಾಲ್ಕು ದಿನದ ಪ್ರವಾಸ ಹೋಗಿದ್ದೆವು: ಮಗ, ಸೊಸೆ, ಏಳನೇ ತರಗತಿ ಮುಗಿಸಿದ ಮೊಮ್ಮಗಳು, ಒಂಬತ್ತು ವರ್ಷದ ಮೊಮ್ಮಗ, ನನ್ನಾಕೆ ಮತ್ತು ನಾನು. ಪ್ಯಾರಿಸ್, ಲೂಸರ್ನ್, ಕೊನೆಗೆ ಆಮ್‌ಸ್ಟರ್‌ಡ್ಯಾಮ್. ಮಗ ಮಾರ್ಚ್ ತಿಂಗಳಲ್ಲೇ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ್ದ. ಹದಿಮೂರು ದಿನಕ್ಕೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಣ್ಣ ಬಣ್ಣದ ಚೌಕಗಳು. ಹದಿನಾಲ್ಕನೆಯ ದಿನದ ಮುಂದೆ ‘ವಾಪಸ್’ ಎಂದಷ್ಟೇ ಇತ್ತು. “ಇದನ್ನು ನನಗೆ ಬಿಡಪ್ಪ” ಎಂದೆ. “ತಗೊಳ್ಳಿ ಅಪ್ಪ, ಅದರಲ್ಲಿ ಮಾಡೋಕೇನಿದೆ” ಎಂದು ನಕ್ಕು ಕೊಟ್ಟುಬಿಟ್ಟ.

ಕೊನೆಯ ದಿನದ ಲೆಕ್ಕವನ್ನು ಬೆಳಿಗ್ಗೆಯಿಂದ ಶುರುಮಾಡಬಾರದು, ರಾತ್ರಿಯಿಂದ ಹಿಂದಕ್ಕೆ ಬರಬೇಕು. ನಮ್ಮ ವಿಮಾನ ರಾತ್ರಿ 9 ಗಂಟೆ 50 ನಿಮಿಷಕ್ಕೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು, ತೆರಿಗೆ ವಾಪಸಾತಿಯ ಸಾಲಿಗೆ ಇನ್ನೊಂದು ಮುಕ್ಕಾಲು ಗಂಟೆ, ಅಲ್ಲಿಗೆ 6ಕ್ಕೆ ಬಂತು. ಆಮ್‌ಸ್ಟರ್‌ಡ್ಯಾಮಿನ ದೊಡ್ಡ ರೈಲು ನಿಲ್ದಾಣದಿಂದ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಹದಿನೈದು–ಇಪ್ಪತ್ತು ನಿಮಿಷ. ರೈಲು ವಿಮಾನ ನಿಲ್ದಾಣದ ಕೆಳಗೇ ಬಂದು ನಿಲ್ಲುತ್ತದೆ. ಹಾಗಾಗಿ ಸಂಜೆ 5ಕ್ಕೆ ಹೋಟೆಲಿನಿಂದ ಹೊರಟರೆ ನಿಶ್ಚಿಂತೆ. ಇನ್ನು ಬೆಳಗಿನ ಕಡೆ. ಹೋಟೆಲ್ ಕೋಣೆ ಬಿಡಲು 11 ಗಂಟೆಯವರೆಗೆ ಸಮಯವಿದೆ ಎಂದು 11ರವರೆಗೆ ಹಾಸಿಗೆಯಲ್ಲಿ ಹೊರಳಾಡಿದರೆ ಅರ್ಧ ದಿನ ಮುಗಿಯಿತು. ಹಿಂದಿನ ರಾತ್ರಿಯೇ ಪೆಟ್ಟಿಗೆ ಕಟ್ಟಿ, ಪಾಸ್‌ಪೋರ್ಟು ಎಣಿಸಿ, ಬಿ.ಪಿ. ಮಾತ್ರೆ ಕೈಚೀಲಕ್ಕೆ ಹಾಕಿಕೊಂಡು, ಬೆಳಿಗ್ಗೆ ಎಂಟೂವರೆಗೆಲ್ಲ ಕೋಣೆ ಬಿಟ್ಟು ಲಗೇಜನ್ನು ಹೋಟೆಲಿನವರ ಸುಪರ್ದಿಗೆ ಕೊಟ್ಟೆವು. ಸಂಜೆಯವರೆಗೆ ಇಟ್ಟುಕೊಳ್ಳುವುದಕ್ಕೆ ಅವರು ದುಡ್ಡು ಕೇಳಲಿಲ್ಲ.

ಕೈಗೆ ಎಂಟು ಗಂಟೆ ಬಂತು. ಊಟ, ನಡಿಗೆ, ಕೂತು ಸುಧಾರಿಸಿಕೊಳ್ಳುವುದು ಕಳೆದರೆ ನಾಲ್ಕು. ನಾಲ್ಕು ಗಂಟೆಯಲ್ಲಿ ಒಂದು ದೊಡ್ಡ ವಿಷಯ, ಒಂದೆರಡು ಚಿಕ್ಕ ವಿಷಯ, ಅಷ್ಟೆ. ದೊಡ್ಡದನ್ನು ಯಾರು ಆರಿಸಬೇಕು? ಹದಿಮೂರು ದಿನ ಮಗನ ಪಟ್ಟಿಯಂತೆ ನಡೆದೆವಲ್ಲ, ಆ ಪಟ್ಟಿ ಮಾಡುವಾಗ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ಪುಟ್ಟಿಯನ್ನು ಕೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ. “ತಾತ, ಆನ್ ಫ್ರಾಂಕ್ ಮನೆ” ಎಂದಳು. ಶಾಲೆಯ ಗ್ರಂಥಾಲಯದಿಂದ ತಂದು ಆ ದಿನಚರಿಯನ್ನು ಅವಳು ಎರಡು ಸಲ ಓದಿದ್ದಳು.

ಓದದ ಪುಟಾಣಿಗಳಿಗೆ ಎರಡು ಮಾತು. ಆನ್ ಫ್ರಾಂಕ್ ಯಹೂದಿ ಹುಡುಗಿ. ಹಿಟ್ಲರನ ಸೈನ್ಯ ನೆದರ್‌ಲೆಂಡ್ಸನ್ನು ಹಿಡಿದುಕೊಂಡು ಯಹೂದಿಗಳನ್ನು ಹುಡುಕಿ ಸಾಗಿಸುತ್ತಿದ್ದ ಕಾಲದಲ್ಲಿ, 1942ರ ಜುಲೈ 6ರಂದು, ಅವಳ ಅಪ್ಪ ತನ್ನ ಕಚೇರಿಯ ಹಿಂಭಾಗದ ಕೋಣೆಗಳಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಡಗಿಕೊಂಡ. ಆಮೇಲೆ ಇನ್ನೂ ನಾಲ್ವರು ಸೇರಿ ಒಟ್ಟು ಎಂಟು ಜನ. ಕೋಣೆಗಳ ಬಾಗಿಲು ಕಾಣದ ಹಾಗೆ ಪುಸ್ತಕದ ಕಪಾಟು. ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕಿದ್ದ ದಿನಚರಿ ಪುಸ್ತಕದಲ್ಲಿ ಅವಳು ಬರೆಯುತ್ತಾ ಹೋದಳು. 1944ರ ಆಗಸ್ಟ್ 4ರಂದು ಎಲ್ಲರೂ ಸಿಕ್ಕಿಬಿದ್ದರು. ಎಂಟು ಜನರಲ್ಲಿ ಬದುಕಿ ವಾಪಸು ಬಂದದ್ದು ಅಪ್ಪ ಒಬ್ಬರೇ. ಮಗಳ ಬರಹವನ್ನು ಅವರು 1947ರಲ್ಲಿ ಪುಸ್ತಕ ಮಾಡಿದರು.

ಆ ಮನೆಗೆ ಹೋದ ಕೂಡಲೇ ಟಿಕೆಟ್ ಸಿಗುವುದಿಲ್ಲ, ಆನ್‌ಲೈನಿನಲ್ಲೇ ತೆಗೆದುಕೊಳ್ಳಬೇಕು. ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳ ಟಿಕೆಟ್ ಬಿಡುತ್ತಾರೆ, ಬಹಳ ಬೇಗ ಖರ್ಚಾಗುತ್ತವೆ. ನಾನು ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೇಗ ಊಟ ಮುಗಿಸಿ, ಎರಡು ಕನ್ನಡಕ ಹಾಕಿಕೊಂಡವನ ಹಾಗೆ ಪರದೆಯ ಮುಂದೆ ಕೂತು ಹಿಡಿದೆ. ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಸರದಿಗೆ ಮೂರು ಟಿಕೆಟ್. ಮೂರೇ ಏಕೆಂದರೆ, ಅಲ್ಲಿಯ ಮೆಟ್ಟಿಲು ಬಹಳ ಕಡಿದು. ನನ್ನಾಕೆಯ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಮೊಮ್ಮಗ ಇನ್ನೂ ಚಿಕ್ಕವನು, ಮಗ ಅವನ ಜೊತೆಗಿರುತ್ತೇನೆಂದ. ನಾನೂ ಹೊರಗೇ ಇರುತ್ತೇನೆ ಎಂದೆ. “ಬೇಡ ರೀ, ನೀವು ಹೋಗಿ. ಅವಳು ಏನಾದ್ರೂ ಕೇಳಿದ್ರೆ ಹೇಳೋಕೆ ವಯಸ್ಸಾದೋರು ಒಬ್ರು ಬೇಕು” ಎಂದು ಅವಳೇ ಕಳಿಸಿದಳು.

ಪ್ರಿನ್ಸೆನ್‌ಗ್ರಾಕ್ಟ್ ಎಂಬ ಕಾಲುವೆಯ ದಂಡೆಯ ಮೇಲೆ 263ನೇ ನಂಬರಿನ ಮನೆ ಅದು. ಕಪಾಟು ಈಗಲೂ ಇದೆ. ಅದರ ಹಿಂದಿನ ಕೋಣೆಗಳಲ್ಲಿ ಕುರ್ಚಿ ಮೇಜು ಒಂದೂ ಇಲ್ಲ. ಖಾಲಿಯಾಗಿಯೇ ಇರಲಿ ಎಂದು ಆಕೆಯ ಅಪ್ಪ ಬಯಸಿದ್ದರಂತೆ. ಆನ್ ಗೋಡೆಗೆ ಅಂಟಿಸಿದ್ದ ಸಿನಿಮಾ ತಾರೆಯರ ಚಿತ್ರಗಳು ಹಾಗೆಯೇ ಉಳಿದಿವೆ. ಇನ್ನೊಂದು ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಅಕ್ಕ ತಂಗಿಯರ ಎತ್ತರವನ್ನು ಅಳೆದು ಗುರುತು ಹಾಕಿದ್ದು. ಅಡಗಿಕೊಂಡಿದ್ದ ಎರಡು ವರ್ಷ ಚಿಲ್ಲರೆಯಲ್ಲಿ ಆನ್ 13 ಸೆಂಟಿಮೀಟರ್ ಬೆಳೆದಿದ್ದಳು.

ಪುಟ್ಟಿ ಆ ಗೆರೆಗಳ ಮುಂದೆ ನಿಂತವಳು ಕದಲಲಿಲ್ಲ. ಮೈಸೂರಿನ ನಮ್ಮ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೂ ಇಂಥ ಗೆರೆಗಳಿವೆ. ಮೊದಲು ಮಗನವು, ಆಮೇಲೆ ಮೊಮ್ಮಕ್ಕಳವು. ಪ್ರತಿ ದಸರಾ ರಜೆಯಲ್ಲಿ ಹಾಕುವವನು ನಾನೇ. ಅವಳು ಹಿಂತಿರುಗಿ ನೋಡದೆ, ಮೆಲ್ಲಗೆ, “ತಾತ, ಕೊನೇ ಗೆರೆ ಹಾಕುವಾಗ ಅವರಿಗೆ ಅದು ಕೊನೇದು ಅಂತ ಗೊತ್ತಿರಲಿಲ್ಲ ಅಲ್ವಾ?” ಎಂದು ಕೇಳಿದಳು. ಗೊತ್ತಿರಲಿಲ್ಲ ಕಂದಾ ಎಂದೆ. ಅದಕ್ಕಿಂತ ಹೆಚ್ಚಿಗೆ ಏನು ಹೇಳಲಿ? ಸೊಸೆ ಅವಳ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯಿತು.

ಹೊರಗೆ ಬಂದರೆ ನನ್ನಾಕೆ ಪಕ್ಕದ ವೆಸ್ಟರ್‌ಕೆರ್ಕ್ ಚರ್ಚಿನ ಬಳಿ ಕೂತಿದ್ದಳು. ಅಲ್ಲೇ ಹತ್ತಿರ ಆನ್‌ಳ ಚಿಕ್ಕ ವಿಗ್ರಹವಿದೆ. “ಕಾಲು ಗಂಟೆಗೊಂದು ಸಲ ಗಂಟೆ ಹೊಡೀತಾನೇ ಇತ್ತು ಕಣೇ ಪುಟ್ಟಿ” ಎಂದಳು. ಪುಟ್ಟಿಯ ಮುಖ ಅರಳಿತು. “ಅಜ್ಜೀ, ಅದೇ ಗಂಟೆ! ಅವಳು ಬರೆದಿದ್ದಾಳೆ, ಅದು ಕೇಳಿಸ್ತಿದ್ರೆ ಧೈರ್ಯ ಬರ್ತಿತ್ತಂತೆ” ಎಂದು ಅಜ್ಜಿಯ ಪಕ್ಕ ಕೂತು ಮುಂದಿನ ಗಂಟೆ ಹೊಡೆಯುವವರೆಗೂ ಏಳಲಿಲ್ಲ. ಆ ಕಾಲು ಗಂಟೆ ನನ್ನ ಲೆಕ್ಕದಲ್ಲಿ ಇರಲಿಲ್ಲ. ‘ಸುಧಾರಿಸಿಕೊಳ್ಳುವುದು’ ಎಂಬ ಬಾಬ್ತಿಗೆ ಖರ್ಚು ಬರೆದೆ.

ಇನ್ನು ಚಿಕ್ಕ ವಿಷಯಗಳು. ಡ್ಯಾಮ್ ಚೌಕದಲ್ಲಿ ಅರಮನೆಯೊಂದಿದೆ. ಊರೆಲ್ಲ ಜೌಗು ನೆಲವಾದ್ದರಿಂದ, 1648ರಲ್ಲಿ ಆ ಕಟ್ಟಡ ಶುರುವಾದಾಗ ಅಡಿಯಲ್ಲಿ 13,659 ಮರದ ಕಂಬಗಳನ್ನು ಹೂತರು. ಅಲ್ಲಿಯ ಶಾಲಾ ಮಕ್ಕಳು ಇದನ್ನು ನೆನಪಿಡುವ ಉಪಾಯ ಚೆನ್ನಾಗಿದೆ: ವರ್ಷದ ದಿನಗಳು 365, ಅದರ ಮುಂದೆ 1, ಕೊನೆಗೆ 9. ಮೊಮ್ಮಗ ಅದನ್ನು ದಿನವಿಡೀ ಜಪಿಸಿದ. ನನ್ನಾಕೆಗೆ ಟ್ಯುಲಿಪ್ ಗೆಡ್ಡೆ ಬೇಕಿತ್ತು. ಸಿಂಗೆಲ್ ಕಾಲುವೆಯ ಹೂವಿನ ಮಾರುಕಟ್ಟೆ 1862ರಿಂದ ಇದೆ, ಗೆಡ್ಡೆಗಳ ರಾಶಿಯೇ ಇರುತ್ತದೆ. ಆದರೆ ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಗಿಡ ಗೆಡ್ಡೆಗಳನ್ನು ನಮ್ಮ ದೇಶದೊಳಗೆ ತರುವ ಹಾಗಿಲ್ಲ. ತಂದರೂ, ಕೆಲವು ವಾರ ಗಟ್ಟಿ ಚಳಿ ಕಾಣದೆ ಟ್ಯುಲಿಪ್ ಹೂ ಬಿಡುವುದಿಲ್ಲ. ಮೈಸೂರಿನ ಚಳಿ ಅದಕ್ಕೆ ಯಾವ ಮೂಲೆಗೆ? ಇದೇ ಗೆಡ್ಡೆಗಳ ವ್ಯಾಪಾರದ ಹುಚ್ಚು ಹತ್ತಿ, 1637ರಲ್ಲಿ ಬೆಲೆ ಕುಸಿದು ಆ ದೇಶದಲ್ಲಿ ದೊಡ್ಡ ಗದ್ದಲವಾಗಿತ್ತು ಎಂದು ಹೇಳಲು ಹೊರಟೆ. “ಬ್ಯಾಂಕಿನ ವಿಷಯ ಸಾಕು ರೀ” ಎಂದು ಮರದಲ್ಲಿ ಕೆತ್ತಿದ ಕೆಂಪು ಟ್ಯುಲಿಪ್ ಒಂದನ್ನು ಆರಿಸಿಕೊಂಡಳು. ಅದಕ್ಕೆ ನೀರು ಹಾಕುವ ಕೆಲಸವಿಲ್ಲ.

ಊಟವಾದ ಮೇಲೆ ಯಾರ ಕಾಲಿನಲ್ಲೂ ಶಕ್ತಿಯಿರಲಿಲ್ಲ. ಇದನ್ನು ಮೊದಲೇ ಎಣಿಸಿ ದೋಣಿಯನ್ನು ಮಧ್ಯಾಹ್ನಕ್ಕೆ ಇಟ್ಟಿದ್ದೆ. ರೈಲು ನಿಲ್ದಾಣದ ಹಿಂಭಾಗದಿಂದ ಐ ಎಂಬ ಅಗಲವಾದ ನೀರನ್ನು ದಾಟಲು ದೊಡ್ಡ ದೋಣಿಗಳು ಹಗಲೂ ರಾತ್ರಿ ಓಡುತ್ತವೆ. ನಡೆದು ಬಂದವರಿಗೂ ಸೈಕಲ್ಲಿನವರಿಗೂ ಟಿಕೆಟ್ಟೇ ಇಲ್ಲ! ಕಾಲುವೆ ವಿಹಾರದ ದೋಣಿಗೆ ತಲೆಗಿಷ್ಟು ಯೂರೋ ಕೊಡುವ ಊರಿನಲ್ಲಿ ಇದು ಪುಕ್ಕಟೆ. ಐದು ನಿಮಿಷದಲ್ಲಿ ಆ ದಡ. ಸುತ್ತಲೂ ಕೆಲಸಕ್ಕೆ ಹೋಗುವವರು, ತರಕಾರಿ ಚೀಲದವರು, ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಿ. ಹದಿಮೂರು ದಿನ ನಾವು ನೋಡಿದ್ದು ಬರೀ ಪ್ರವಾಸಿಗಳನ್ನು. ಊರಿನವರನ್ನು ನೋಡಿದ್ದು ಅಲ್ಲೇ. ಇಳಿಯುವಾಗ ನನ್ನಾಕೆ, “ಇನ್ನೊಂದು ಸಲ ಹೋಗಿ ಬರೋಣ್ವೇ?” ಎಂದಳು. ಮೂರು ಸಲ ಹೋಗಿ ಬಂದೆವು.

ಒಂದು ಎಚ್ಚರಿಕೆ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಮುಕ್ಕಾಲಿನ ಸುಮಾರಿಗೆ. ಸಂಜೆ ಐದಕ್ಕೆ ನಮ್ಮ ಕಣ್ಣಿಗೆ ಎರಡು ಗಂಟೆಯ ಬಿಸಿಲು. ಆಕಾಶ ನೋಡಿ ಹೊತ್ತಿದೆ ಎಂದು ಕೂತರೆ ವಿಮಾನ ಹೋಗಿರುತ್ತದೆ. ಕೈಗಡಿಯಾರವನ್ನೇ ನಂಬಬೇಕು.

ಇನ್ನು ನಾಣ್ಯದ ವಿಷಯ. ಮಿಕ್ಕ ಯೂರೋ ನೋಟನ್ನು ನಮ್ಮಲ್ಲಿ ಬದಲಾಯಿಸಬಹುದು, ಕೊಳ್ಳುವ ದರ ಮಾರುವ ದರಕ್ಕಿಂತ ಕಡಿಮೆ ಎಂಬ ನಷ್ಟ ಇದ್ದದ್ದೇ. ನಾಣ್ಯವನ್ನು ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕೊನೆಯ ದಿನ ಕಾಫಿ, ಬ್ರೆಡ್ಡು, ನೀರಿನ ಬಾಟಲಿಗೆ ಚಿಲ್ಲರೆಯನ್ನೇ ಕೊಡಬೇಕು. ನಾನು ಮಾತ್ರ ಮೊಮ್ಮಗನಿಗೆ ಕೆಲವನ್ನು ಆರಿಸಿ ಇಟ್ಟೆ. ಯೂರೋ ನಾಣ್ಯದ ಒಂದು ಮುಖ ಎಲ್ಲ ದೇಶಕ್ಕೂ ಒಂದೇ, ಇನ್ನೊಂದು ಮುಖ ಆಯಾ ದೇಶದ್ದು. ಜರ್ಮನಿಯದಕ್ಕೆ ಹದ್ದು, ಫ್ರಾನ್ಸಿನದಕ್ಕೆ ಮರ, ಆಸ್ಟ್ರಿಯದ ಒಂದು ಯೂರೋಗೆ ಸಂಗೀತಗಾರ ಮೊಜಾರ್ಟ್. ವಿದೇಶಿ ನಾಣ್ಯ ಎಷ್ಟು ಬೇಕಾದರೂ ಇಟ್ಟುಕೊಳ್ಳಲು ನಮ್ಮ ರಿಸರ್ವ್ ಬ್ಯಾಂಕಿನ ನಿಯಮ ಅಡ್ಡಿಮಾಡುವುದಿಲ್ಲ. ನೋಟಿಗಾದರೆ 2,000 ಡಾಲರಿನಷ್ಟು ಎಂಬ ಮಿತಿಯಿದೆ.

ಸೊಸೆ ಒಂದು ಜಾಕೆಟ್ ಕೊಂಡಿದ್ದಳು, 121 ಯೂರೋ. ಅದರಲ್ಲಿ 21 ಯೂರೋ ತೆರಿಗೆ. ಯೂರೋಪಿನ ಹೊರಗಿನವರು ವಾಪಸು ಪಡೆಯಬಹುದು. ನೆದರ್‌ಲೆಂಡ್ಸಿನಲ್ಲಿ ಅಂಗಡಿಯ ಬಿಲ್ಲು ಕನಿಷ್ಠ 50 ಯೂರೋ ಇರಬೇಕು. ಮಧ್ಯವರ್ತಿ ಕಂಪನಿ ತನ್ನ ಪಾಲು ಹಿಡಿದುಕೊಳ್ಳುವುದರಿಂದ ಪೂರ್ತಿ ಬರುವುದಿಲ್ಲ. ಮುಖ್ಯವಾದದ್ದು, ಕಸ್ಟಮ್ಸಿನವರಿಗೆ ವಸ್ತುವನ್ನೂ ಫಾರಂ ಅನ್ನೂ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಪೆಟ್ಟಿಗೆಯನ್ನು ವಿಮಾನಕ್ಕೆ ಒಪ್ಪಿಸಬೇಕು. ಪೆಟ್ಟಿಗೆ ಒಳಗೆ ಹೋದ ಮೇಲೆ ತೋರಿಸುವುದೇನನ್ನು? ನಾವು ಜಾಕೆಟ್ಟನ್ನು ಪೆಟ್ಟಿಗೆಯ ಮೇಲ್ಪದರದಲ್ಲೇ ಇಟ್ಟಿದ್ದೆವು.

ಎಲ್ಲ ಮುಗಿದು, ತಂದಿದ್ದ ಕೊನೆಯ ಚಟ್ನಿಪುಡಿಯ ಜೊತೆ ಬ್ರೆಡ್ಡು ತಿನ್ನುತ್ತಾ ಕೂತಾಗ ಮಕ್ಕಳಿಗೆ ಹೇಳಿದೆ: ನಾವು ಕೂತಿರುವ ಈ ಜಾಗ ಒಂದಾನೊಂದು ಕಾಲದಲ್ಲಿ ದೊಡ್ಡ ಸರೋವರ. ಹಾರ್ಲೆಮ್ಮರ್‌ಮೇರ್ ಅಂತ ಹೆಸರು. ಉಗಿಯಂತ್ರದ ಪಂಪುಗಳಿಂದ ನೀರೆತ್ತಿ 1852ರಲ್ಲಿ ಒಣಗಿಸಿದರು. ಈಗಲೂ ಸಮುದ್ರಮಟ್ಟಕ್ಕಿಂತ ಮೂರು ಮೀಟರಿನಷ್ಟು ಕೆಳಗಿದ್ದೇವೆ.

ಮೊಮ್ಮಗ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. “ಅಂದ್ರೆ ನಾವೀಗ ಕೆರೆಯೊಳಗೆ ಕೂತಿದ್ದೀವಾ ತಾತ?”

“ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಕೆರೆಯೊಳಗೇ ಇರೋದು. ಧರ್ಮಾಂಬುಧಿ ಕೆರೆ.”

“ಅಲ್ಲೂ 13,659 ಕಂಬ ಹೂತಿದ್ದಾರಾ?”

ಅಷ್ಟರಲ್ಲಿ ನಮ್ಮ ಗೇಟಿನ ಸಂಖ್ಯೆ ಕೂಗಿದರು. ಪುಟ್ಟಿ ಚೀಲದಿಂದ ತೆಗೆದು ಬರೆಯುತ್ತಿದ್ದ ಪುಸ್ತಕವನ್ನು ಮುಚ್ಚಿ, ಅಜ್ಜಿ ಏಳಲು ಕೈ ಕೊಟ್ಟಳು.